ಮೊಂಡು ಚಾಕು, ಅಮ್ಮನ ಬೆರಳು ಮತ್ತು ಇಪ್ಪತ್ತು ಡಿಗ್ರಿ

(ಪಾಡ್‌ಕಾಸ್ಟ್ ಸಂಚಿಕೆಯ ಬರಹರೂಪ. ಓದಿಗೆ ಅನುಕೂಲವಾಗುವಂತೆ ಅಲ್ಲಲ್ಲಿ ತಿದ್ದಲಾಗಿದೆ.)

ಬಸ್ಸಲ್ಲಿ ಇಯರ್‌ಫೋನ್ ಹಾಕ್ಕೊಂಡು ಕೂತಿರೋರಿಗೂ, ಅಡುಗೆಮನೆಯಲ್ಲಿ ಫೋನನ್ನ ಸಕ್ಕರೆ ಡಬ್ಬಿಗೆ ಒರಗಿಸಿಟ್ಟು ಕೇಳ್ತಿರೋರಿಗೂ ಸ್ವಾಗತ. ಅಡುಗೆಮನೆಯಲ್ಲಿ ಇರೋರಿಗೆ ಮೊದಲು ಒಂದು ಸಣ್ಣ ಪರೀಕ್ಷೆ. ಒಂದು ಟೊಮೆಟೊ ತಗೊಳ್ಳಿ. ಅದರ ಮೇಲೆ ನಿಮ್ಮ ಮನೆಯ ಚಾಕು ಇಡಿ. ಒತ್ತಬೇಡಿ. ಚಾಕುವಿನ ಭಾರ ಎಷ್ಟಿದೆಯೋ ಅಷ್ಟರಲ್ಲೇ ನಿಧಾನಕ್ಕೆ ಎಳೀರಿ. ಸಿಪ್ಪೆ ಒಳಗೆ ಇಳೀತಾ? ಇಳಿದ್ರೆ ಈ ಸಂಚಿಕೆ ನಿಮಗೆ ಬೇಡ, ಆರಾಮಾಗಿ ಹಾಡು ಕೇಳಿ. ಜಾರಿಕೊಂಡು ಹೋಯ್ತಾ? ಹಾಗಾದ್ರೆ ಕೂತ್ಕೊಳ್ಳಿ, ಮಾತಾಡೋಣ.

ನಾನು ಓದಿದ್ದು ಬಿಕಾಂ. ಕಬ್ಬಿಣ, ಉಕ್ಕು, ಸಾಣೆ ಇವೆಲ್ಲ ನನ್ನ ವಿಷಯ ಅಲ್ಲವೇ ಅಲ್ಲ. ಈ ವಿಷಯಕ್ಕೆ ನಾನು ಬಂದಿದ್ದು ಒಂದು ಸೀಮೆಬದನೆಕಾಯಿಯಿಂದ.

ನಮ್ಮಮ್ಮ ತುಮಕೂರಿನ ಮನೆಯಲ್ಲೇ ಊಟದ ಆರ್ಡರ್ ತಗೋತಾರೆ. ನಾಮಕರಣ, ಗೃಹಪ್ರವೇಶ, ಹುಟ್ಟುಹಬ್ಬ, ಹೀಗೆ ನಲವತ್ತು-ಅರವತ್ತು ಜನದ ಅಡುಗೆ. ಹೋದ ವರ್ಷ ಒಂದು ನಾಮಕರಣದ ಹಿಂದಿನ ರಾತ್ರಿ ಅಮ್ಮ ಸೀಮೆಬದನೆಕಾಯಿ ಹೆಚ್ಚುತ್ತಾ ಕೂತಿದ್ದರು. ಸಿಪ್ಪೆ ತೆಗೆದ ಮೇಲೆ ಅದು ಎಷ್ಟು ಜಾರುತ್ತೆ ಅಂತ ಹೆಚ್ಚಿದವರಿಗೆ ಗೊತ್ತು. ಚಾಕು ಇಳೀಲಿಲ್ಲ ಅಂತ ಅಮ್ಮ ಒತ್ತಿದರು. ಚಾಕು ಪಕ್ಕಕ್ಕೆ ಜಾರಿ ಎಡಗೈ ತೋರುಬೆರಳಿಗೆ ಹೋಯ್ತು. ಮೂರು ಹೊಲಿಗೆ. ಮರುದಿನದ ಆರ್ಡರ್ ಬೇರೆಯವರಿಗೆ ಕೊಟ್ಟು ಮುಂಗಡ ವಾಪಸ್ ಮಾಡಿದೆವು. ಹತ್ತು ದಿನ ಅಮ್ಮ ಆ ಕೈಯನ್ನ ನೀರಿಗೆ ಹಾಕಲಿಲ್ಲ, ಅಂದ್ರೆ ಹತ್ತು ದಿನ ಮನೆಗೆ ಆ ದುಡಿಮೆ ಇಲ್ಲ.

ನಾನು ಕೋಪ ಮಾಡ್ಕೊಂಡು, "ಅಮ್ಮಾ, ಈ ಚಾಕು ಬೆಣ್ಣೇನೂ ಕುಯ್ಯಲ್ಲ, ಇದನ್ನ ಯಾಕೆ ಇಟ್ಕೊಂಡಿದೀಯಾ?" ಅಂದೆ. ಅಮ್ಮ ಹೇಳಿದ್ದು ಇವತ್ತಿಗೂ ನೆನಪಿದೆ. "ಮೊಂಡಾಗಿದ್ರೇ ವಾಸಿ ಕಣೋ. ಹರಿತ ಇದ್ರೆ ಇನ್ನೂ ಜಾಸ್ತಿ ಕುಯ್ತಿತ್ತು."

ಈ ಮಾತು ನಿಮ್ಮ ಮನೆಯಲ್ಲೂ ಕೇಳಿರ್ತೀರ. ನಿಜ ಇರೋದು ಇದಕ್ಕೆ ಉಲ್ಟಾ. ಹರಿತವಾದ ಚಾಕು ಇಟ್ಟ ಜಾಗದಲ್ಲಿ ಇಳಿಯುತ್ತೆ. ಮೊಂಡು ಚಾಕುವಿಗೆ ಬಲ ಹಾಕಬೇಕು. ಬಲ ಹಾಕಿದ ಕೈ ಜಾರಿದಾಗ ಆ ಬಲ ಎಲ್ಲ ಬೆರಳಿನ ಮೇಲೇ ಬೀಳುತ್ತೆ. ಇನ್ನೊಂದು ವಿಷಯ. ಈರುಳ್ಳಿ ಹೆಚ್ಚುವಾಗ ಕಣ್ಣೀರು ಬರುತ್ತಲ್ಲ, ಅಮೆರಿಕದ ಕಾರ್ನೆಲ್ ವಿಶ್ವವಿದ್ಯಾಲಯದ ಸಂಶೋಧಕರು 2025ರಲ್ಲಿ ಅದನ್ನ ಹೈಸ್ಪೀಡ್ ಕ್ಯಾಮೆರಾ ಇಟ್ಟು ನೋಡಿದ್ರು. ಮೊಂಡು ಅಲಗು ಈರುಳ್ಳಿಯನ್ನ ಮೊದಲು ಅದುಮಿ ಆಮೇಲೆ ಸೀಳುತ್ತೆ, ಹಾಗಾಗಿ ರಸದ ಹನಿಗಳು ಜಾಸ್ತಿ ಚಿಮ್ಮುತ್ತವೆ. ಹರಿತವಾದ ಅಲಗಲ್ಲಿ ಕಡಿಮೆ. ಅಮ್ಮ ಇಷ್ಟು ವರ್ಷ ಅತ್ತಿದ್ದರಲ್ಲಿ ಅರ್ಧ ಈರುಳ್ಳಿ ತಪ್ಪಲ್ಲ, ಚಾಕು ತಪ್ಪು.

ಮೊಂಡು ಅಂದ್ರೆ ಏನು?

ಚಾಕುವಿನ ಅಂಚನ್ನ ಮನೆಯ ಮಾಡಿನ ಥರ ಯೋಚನೆ ಮಾಡಿ. ಎರಡು ಇಳಿಜಾರು ಮೇಲೆ ಬಂದು ಒಂದು ಗೆರೆಯಲ್ಲಿ ಸೇರ್ತವೆ. ಹೊಸ ಚಾಕುವಿನಲ್ಲಿ ಆ ಗೆರೆ ಎಷ್ಟು ತೆಳು ಅಂದ್ರೆ, ನಿಮ್ಮ ಕೂದಲನ್ನ ಹತ್ತಾರು ಪಾಲು ಮಾಡಿದ್ರೆ ಒಂದು ಪಾಲಿನಷ್ಟು. ಬಳಸ್ತಾ ಬಳಸ್ತಾ ಆ ಗೆರೆ ಒಂದು ಕಡೆ ಬಾಗುತ್ತೆ, ಇಲ್ಲ ಸವೆದು ದುಂಡಗಾಗುತ್ತೆ. ಸ್ಟೀಲ್ ತಟ್ಟೆ ಮೇಲೆ ಹೆಚ್ಚೋದು, ಸಿಂಕಲ್ಲಿ ಲೋಟ-ಸೌಟಿನ ಜೊತೆ ಎಸೆಯೋದು, ಕಡಪಾ ಕಲ್ಲಿನ ಮೇಲೇ ನೇರ ಕುಯ್ಯೋದು, ಇವು ಮೂರೂ ಅಂಚಿನ ಶತ್ರುಗಳು.

ನೋಡಬೇಕಾ? ರಾತ್ರಿ ಲೈಟ್ ಆಫ್ ಮಾಡಿ, ಚಾಕುವಿನ ಅಂಚನ್ನ ಮೇಲಕ್ಕೆ ಹಿಡಿದು ಫೋನಿನ ಟಾರ್ಚ್ ಹಾಕಿ. ಅಂಚಿನ ಉದ್ದಕ್ಕೆ ಬಿಳಿ ಗೆರೆ ಮಿಂಚಿದ್ರೆ ಅಲ್ಲಿ ಮೊಂಡಾಗಿದೆ, ಬೆಳಕು ವಾಪಸ್ ಬರೋಕೆ ಅಲ್ಲಿ ಜಾಗ ಇದೆ ಅಂತ ಅರ್ಥ. ನಿಜವಾಗಿ ಹರಿತ ಇರೋ ಅಂಚು ಮಿಂಚೋದೇ ಇಲ್ಲ. ಅಮ್ಮನ ಚಾಕು ಆ ರಾತ್ರಿ ಟ್ಯೂಬ್‌ಲೈಟ್ ಥರ ಹೊಳೀತಾ ಇತ್ತು.

ಕೋನದ ತಲೆನೋವು

ಹರಿತ ಮಾಡೋದು ಅಂದ್ರೆ ಎರಡೂ ಇಳಿಜಾರನ್ನ ಕಲ್ಲಿಗೆ ಉಜ್ಜಿ ಮತ್ತೆ ಒಂದು ಗೆರೆಯಲ್ಲಿ ಸೇರಿಸೋದು, ಅಷ್ಟೇ. ಕಷ್ಟ ಇರೋದು ಎಲ್ಲಿ? ಕೋನದಲ್ಲಿ. ಜಪಾನಿ ಶೈಲಿಯ ಚಾಕುಗಳನ್ನ ಸಾಮಾನ್ಯವಾಗಿ ಒಂದು ಬದಿಗೆ 15 ಡಿಗ್ರಿ ಆಸುಪಾಸಲ್ಲಿ ಮಸೀತಾರೆ. ನಮ್ಮ ಮನೆಗಳಲ್ಲಿರೋ ಮೆತ್ತನೆ ಸ್ಟೀಲಿನ ಚಾಕುಗೆ 20 ಡಿಗ್ರಿ ಸರಿ, ಇಲ್ಲಾಂದ್ರೆ ಅಂಚು ಬೇಗ ಬಾಗುತ್ತೆ.

ಈಗ ಒಂದು ಲೆಕ್ಕ. ನಿಮ್ಮ ಚಾಕುವಿನ ಅಲಗು 30 ಮಿಲಿಮೀಟರ್ ಅಗಲ ಇದೆ ಅಂತಿಟ್ಕೊಳ್ಳಿ. ಅದನ್ನ ಕಲ್ಲಿನ ಮೇಲೆ 15 ಡಿಗ್ರಿಗೆ ಇಡಬೇಕಾದ್ರೆ ಬೆನ್ನಿನ ಭಾಗ ಕಲ್ಲಿಂದ ಸುಮಾರು 8 ಮಿಲಿಮೀಟರ್ ಮೇಲಿರಬೇಕು. 20 ಡಿಗ್ರಿಗೆ ಸುಮಾರು 10. ಅಂದ್ರೆ 15ಕ್ಕೂ 20ಕ್ಕೂ ಇರೋ ವ್ಯತ್ಯಾಸ ಎರಡೂವರೆ ಮಿಲಿಮೀಟರ್! ನೂರು ಸಲ ಹಿಂದೆ ಮುಂದೆ ಉಜ್ಜುವಾಗ ಕೈ ಅಷ್ಟೂ ಅಲುಗಬಾರದು. ವರ್ಷಗಟ್ಟಲೆ ಮಾಡಿದವರ ಕೈ ಅಲುಗಲ್ಲ. ನನ್ನ ಕೈ ಟೀ ಲೋಟ ಹಿಡಿದ್ರೂ ಅಲುಗುತ್ತೆ. ಕೋನ ಪ್ರತಿ ಸಲ ಬದಲಾದ್ರೆ ಆ ಮಾಡು ಮಾಡಾಗಲ್ಲ, ಗುಮ್ಮಟ ಆಗುತ್ತೆ. ಎಷ್ಟು ಉಜ್ಜಿದ್ರೂ ದುಂಡಗೇ ಇರುತ್ತೆ.

ಇಲ್ಲಿಗೇ ಬರೋದು ಗೈಡೆಡ್ ಶಾರ್ಪನಿಂಗ್ ಸಿಸ್ಟಮ್. ಹೆಸರು ದೊಡ್ಡದು, ಕೆಲಸ ಸರಳ. ಚಾಕುವನ್ನ ಒಂದು ಕ್ಲ್ಯಾಂಪ್ ಹಿಡಿದುಕೊಳ್ಳುತ್ತೆ. ಕಲ್ಲನ್ನ ಒಂದು ಸರಳಿಗೆ ಸಿಕ್ಕಿಸಿರ್ತಾರೆ. ಆ ಸರಳು ಒಂದು ತೂತಿನ ಮೂಲಕವೋ ಕೀಲಿನ ಮೂಲಕವೋ ಹಾದುಹೋಗುತ್ತೆ. ನೀವು ಕಲ್ಲನ್ನ ಹೇಗೇ ಆಡಿಸಿದ್ರೂ ಅದು ಒಂದೇ ಕೋನದಲ್ಲಿ ಬಂದು ಅಂಚನ್ನ ಮುಟ್ಟುತ್ತೆ. ಕೋನ ಹಿಡಿಯೋ ಕೆಲಸ ಕೈಯಿಂದ ಯಂತ್ರಕ್ಕೆ ಹೋಯ್ತು.

ಇದರಲ್ಲಿ ಬಗೆಬಗೆ ಇದೆ. ಅಮೆರಿಕದ ಲಾನ್ಸ್ಕಿಯದ್ದು ಹಳೇ ಮಾದರಿ. ಅದರಲ್ಲಿ 17, 20, 25, 30 ಡಿಗ್ರಿಗೆ ನಾಲ್ಕು ತೂತು, ನಿಮಗೆ ಬೇಕಾದ ತೂತಿಗೆ ಸರಳು ಹಾಕೋದು. ವರ್ಕ್ ಶಾರ್ಪ್ ಕಂಪನಿಯ ಪ್ರಿಸಿಷನ್ ಅಡ್ಜಸ್ಟ್ ಅನ್ನೋದರಲ್ಲಿ 15ರಿಂದ 30ರವರೆಗೆ ತಿರುಗಿಸಿ ಇಡಬಹುದು. ಎಡ್ಜ್ ಪ್ರೋನಲ್ಲಿ ಕ್ಲ್ಯಾಂಪ್ ಇಲ್ಲ, ಚಾಕುವನ್ನ ಒಂದು ಸಣ್ಣ ಹಲಗೆ ಮೇಲಿಟ್ಟು ಒಂದು ಕೈಯಲ್ಲಿ ಹಿಡೀಬೇಕು. ವಿಕೆಡ್ ಎಡ್ಜ್ ಅನ್ನೋದರಲ್ಲಿ ಚಾಕು ನೆಟ್ಟಗೆ ನಿಂತಿರುತ್ತೆ, ಎರಡೂ ಬದಿಗೆ ಎರಡು ಕಲ್ಲು. ಇವೆಲ್ಲ ದುಬಾರಿ. ಇದೇ ವಿನ್ಯಾಸ ನೋಡಿ ಮಾಡಿದ, ಕಡಿಮೆ ಬೆಲೆಯವೂ ಆನ್‌ಲೈನಲ್ಲಿ ಸಿಗ್ತವೆ. ನಾನು ತಗೊಂಡಿದ್ದು ಅಂಥದ್ದೇ ಒಂದು, 1,900 ರೂಪಾಯಿ. ಜೊತೆಗೆ 120ರಿಂದ 1500ರವರೆಗೆ ನಾಲ್ಕು ಕಲ್ಲು. ಈ ನಂಬರ್ ಕಡಿಮೆ ಇದ್ದಷ್ಟೂ ಕಲ್ಲು ಒರಟು, ಜಾಸ್ತಿ ಇದ್ದಷ್ಟೂ ನಯ.

ನಾನು ಮಾಡಿದ ಮೂರು ತಪ್ಪು

ಡಬ್ಬಿ ಬಂದ ದಿನವೇ ಕೂತೆ. ಒಂದು ಗಂಟೆ ಉಜ್ಜಿದೆ. ಅಂಚು ಕನ್ನಡಿ ಥರ ಹೊಳೀತು. ಹೆಮ್ಮೆಯಿಂದ ಅಮ್ಮನಿಗೆ ಕೊಟ್ಟೆ. ಅಮ್ಮ ಟೊಮೆಟೊ ಮೇಲಿಟ್ಟು ಎಳೆದರು. ಜಾರಿತು. ಏನೂ ಹೇಳಲಿಲ್ಲ. ಚಾಕುವನ್ನ ಪಕ್ಕಕ್ಕಿಟ್ಟು ಈಳಿಗೆ ಮಣೆ ಎಳ್ಕೊಂಡು ಕೂತರು. ಬೈದಿದ್ರೇ ಚೆನ್ನಾಗಿರ್ತಿತ್ತು.

ತಪ್ಪು ಒಂದು: ಅವಸರಪಟ್ಟು ನಯ ಕಲ್ಲಿಗೆ ಹೋಗಿದ್ದೆ. ಒರಟು ಕಲ್ಲಿನಲ್ಲಿ ಒಂದು ಬದಿ ಉಜ್ಜುತ್ತಾ ಹೋದಾಗ, ಗೆರೆಯ ತುದಿಯವರೆಗೂ ಕಲ್ಲು ತಲುಪಿದ ಮೇಲೆ ಲೋಹ ಸ್ವಲ್ಪ ಇನ್ನೊಂದು ಬದಿಗೆ ಮಡಚಿಕೊಳ್ಳುತ್ತೆ. ಇದಕ್ಕೆ ಬರ್ ಅಂತಾರೆ. ಹೆಬ್ಬೆರಳನ್ನ ಬೆನ್ನಿನಿಂದ ಅಂಚಿನ ಕಡೆಗೆ ಮೆಲ್ಲಗೆ ಜಾರಿಸಿದ್ರೆ, ನೆನಪಿಡಿ, ಅಂಚಿನಿಂದಾಚೆಗೆ, ಅಂಚಿನ ಉದ್ದಕ್ಕಲ್ಲ, ಉಗುರಿಗೆ ಏನೋ ಸಣ್ಣದಾಗಿ ತಡೆದ ಹಾಗೆ ಆಗುತ್ತೆ. ಹಿಡಿಯಿಂದ ತುದಿಯವರೆಗೆ ಇದು ಸಿಗೋತನಕ ಕಲ್ಲು ಬದಲಾಯಿಸಬಾರದು. ಆಮೇಲೆ ಇನ್ನೊಂದು ಬದಿಯಲ್ಲೂ ಅದೇ. ನಾನು ಬರ್ ಬರೋಕೆ ಮುಂಚೆನೇ ಪಾಲಿಶ್ ಮಾಡಿದ್ದೆ. ಮೊಂಡು ಚಾಕುಗೆ ಹೊಳಪು ಕೊಟ್ಟಿದ್ದೆ, ಅಷ್ಟೇ.

ತಪ್ಪು ಎರಡು: ಕೋನ ಊಹೆ ಮಾಡಿದ್ದೆ. ಇದಕ್ಕೆ ಸುಲಭ ಉಪಾಯ ಮಾರ್ಕರ್ ಪೆನ್. ಅಂಚಿನ ಇಳಿಜಾರಿಗೆ ಕಪ್ಪು ಮಾರ್ಕರ್ ಬಳಿದು ಎರಡು ಸಲ ಕಲ್ಲು ಎಳೀರಿ. ಮೇಲಿನ ಭಾಗದ ಬಣ್ಣ ಮಾತ್ರ ಹೋದ್ರೆ ಕೋನ ಕಡಿಮೆಯಾಗಿದೆ. ತುದಿ ಗೆರೆಯದ್ದು ಮಾತ್ರ ಹೋದ್ರೆ ಜಾಸ್ತಿಯಾಗಿದೆ. ಪೂರ್ತಿ ಹೋದ್ರೆ ಸರಿಯಾಗಿದೆ. ಫೋನಿನ ಲೆವೆಲ್ ಆಪ್ ಕೂಡ ಸಹಾಯಕ್ಕೆ ಬರುತ್ತೆ. ಅಲಗಿನ ಮೇಲೆ ಫೋನ್ ಇಟ್ಟು ಒಂದು ಅಳತೆ, ಕಲ್ಲಿನ ಮೇಲಿಟ್ಟು ಒಂದು ಅಳತೆ, ಎರಡರ ವ್ಯತ್ಯಾಸವೇ ಹೆಚ್ಚುಕಮ್ಮಿ ನಿಮ್ಮ ಕೋನ.

ತಪ್ಪು ಮೂರು: ಬಲ. ಗಟ್ಟಿಯಾಗಿ ಒತ್ತಿದ್ರೆ ಬೇಗ ಆಗುತ್ತೆ ಅಂದ್ಕೊಂಡೆ. ನಮ್ಮ ಚಾಕುಗಳ ಅಲಗು ತೆಳು, ಒತ್ತಿದಾಗ ಅದು ಬಾಗುತ್ತೆ. ಅಲಗು ಬಾಗಿದ್ರೆ ಗೈಡ್ ಇಟ್ಟ 20 ಡಿಗ್ರಿ 20 ಆಗಿ ಉಳಿಯಲ್ಲ. ಡೈಮಂಡ್ ಲೇಪಿಸಿದ ಕಲ್ಲಾದ್ರೆ ಒತ್ತಿದಾಗ ಅದರ ಹರಳುಗಳೇ ಕಿತ್ತು ಬರ್ತವೆ. ಕಲ್ಲಿನ ಭಾರಕ್ಕಿಂತ ಸ್ವಲ್ಪ ಜಾಸ್ತಿ ಸಾಕು.

ಇವುಗಳ ಜೊತೆಗೆ ಎರಡು ಸಣ್ಣ ಪಾಠ. ಕಲ್ಲು ಚಾಕುವಿನ ತುದಿಯಿಂದ ಆಚೆ ಪೂರ್ತಿ ಜಾರಬಾರದು, ಜಾರಿದ್ರೆ ಚೂಪು ತುದಿ ದುಂಡಗಾಗುತ್ತೆ. ಅಮ್ಮನ ಒಂದು ಚಾಕುವಿನ ತುದಿ ನನ್ನಿಂದ ಹಾಗೆ ಹೋಯ್ತು. ಇನ್ನೊಂದು, ಕ್ಲ್ಯಾಂಪ್ ಹಾಕೋ ಮುಂಚೆ ಅಲಗಿನ ಬದಿಗೆ ಟೇಪ್ ಅಂಟಿಸಿ, ಇಲ್ಲಾಂದ್ರೆ ಗೀರು ಬೀಳುತ್ತೆ. ಎಂಟು ಇಂಚಿನ ಉದ್ದ ಚಾಕುವನ್ನ ಒಂದೇ ಸಲ ಕ್ಲ್ಯಾಂಪ್ ಮಾಡಿದ್ರೆ ತುದಿಯ ಹತ್ತಿರ ಕೋನ ಬದಲಾಗುತ್ತೆ, ಹಾಗಾಗಿ ಎರಡು ಕಡೆ ಕ್ಲ್ಯಾಂಪ್ ಮಾಡಿ ಎರಡು ಭಾಗವಾಗಿ ಉಜ್ಜಬೇಕು.

ಕೊನೆಗೆ ಬರ್ ತೆಗೀಬೇಕು. ನಯ ಕಲ್ಲಿನಲ್ಲಿ ಒಂದು ಎಳೆತ ಈ ಕಡೆ, ಒಂದು ಆ ಕಡೆ, ತುಂಬಾ ಹಗುರವಾಗಿ. ಆಮೇಲೆ ಹಳೇ ಚರ್ಮದ ಬೆಲ್ಟಿನ ಒಳಮೈಗೆ, ಬೆನ್ನು ಮುಂದೆ ಮಾಡಿ ಹತ್ತು ಸಲ ಸವರಿ. ಹಳೇ ಕಟಿಂಗ್ ಶಾಪ್‌ಗಳಲ್ಲಿ ಕತ್ತಿಯನ್ನ ಬೆಲ್ಟಿಗೆ ಸವರ್ತಿದ್ರಲ್ಲ, ಅದೇ.

ಸಾಣೆ ತಾತನ ಮಾತು

ನಮ್ಮ ಬೀದಿಗೆ ಒಬ್ಬ ತಾತ ಬರ್ತಾರೆ. ಸೈಕಲ್‌ಗೆ ಸಾಣೆ ಚಕ್ರ ಕಟ್ಟಿಕೊಂಡು, ಸ್ಟ್ಯಾಂಡ್ ಹಾಕಿ, ಪೆಡಲ್ ತುಳಿದು ಚಕ್ರ ತಿರುಗಿಸ್ತಾರೆ. ಚಿಕ್ಕವನಿದ್ದಾಗ ಆ ಕಿಡಿ ನೋಡೋಕೇ ಓಡ್ತಿದ್ದೆ. ಈಗ ನಾಲ್ಕು ವಿಡಿಯೋ ನೋಡಿ ಜ್ಞಾನಿಯಾಗಿದ್ನಲ್ಲ, ಅವರ ಹತ್ತಿರ ಹೋಗಿ ಹೇಳಿಬಿಟ್ಟೆ. "ತಾತ, ಒಣ ಚಕ್ರಕ್ಕೆ ಹಿಡಿದ್ರೆ ಅಂಚು ಕಾಯುತ್ತೆ, ಸ್ಟೀಲಿನ ಹದ ಹೋಗುತ್ತೆ. ಲೋಹನೂ ಜಾಸ್ತಿ ತೆಗೀತೀರ."

ನಾನು ಹೇಳಿದ್ದರಲ್ಲಿ ಸುಳ್ಳಿರಲಿಲ್ಲ. ಉಕ್ಕು ಅತಿಯಾಗಿ ಕಾದು ನೀಲಿ ಬಣ್ಣಕ್ಕೆ ತಿರುಗಿದ್ರೆ ಆ ಜಾಗದ ಗಟ್ಟಿತನ ಹೋಗುತ್ತೆ, ಆಮೇಲೆ ಅಲ್ಲಿ ಹರಿತ ನಿಲ್ಲಲ್ಲ. ಆದ್ರೆ ತಾತ ನಕ್ಕರು. ಅಮ್ಮನ ಚಾಕುವನ್ನ ಕೈಗೆ ತಗೊಂಡು, ಹಿಡಿಸಿದ್ರೋ ಇಲ್ಲವೋ ಅನ್ನೋ ಹಾಗೆ ಒಂದು ಕ್ಷಣ ಚಕ್ರಕ್ಕೆ ತಾಗಿಸಿ ತೆಗೆದರು. ಮತ್ತೆ ತಾಗಿಸಿದರು. ನಡುನಡುವೆ ಬೆರಳಿಟ್ಟು ಬಿಸಿ ನೋಡಿದರು. ಆಮೇಲೆ ಹೇಳಿದರು: "ನೋಡಪ್ಪ, ನೀವು ಆರು ತಿಂಗಳು ಮೊಂಡು ಮಾಡಿ ತರ್ತೀರ. ಅಷ್ಟು ಮೊಂಡಾಗಿದ್ದಕ್ಕೆ ಇಷ್ಟು ತೆಗೀಲೇಬೇಕು. ಹದಿನೈದು ದಿನಕ್ಕೊಂದ್ಸಲ ತಂದ್ರೆ ನಾನು ಯಾಕೆ ಇಷ್ಟು ತೆಗೀಲಿ?"

ನನ್ನ ಹತ್ತಿರ ಉತ್ತರ ಇರಲಿಲ್ಲ. ತಾತನ ಹೆಬ್ಬೆರಳು ಅಂಚಿನ ಮೇಲೆ ಹೋದ ರೀತಿ ನೋಡಿದೆ. ನಾನು ಒಂದು ವಾರ ಕಷ್ಟಪಟ್ಟು ಕಲಿತ ಆ ಬರ್ ಪರೀಕ್ಷೆಯನ್ನ ಅವರು ನನ್ನ ಜೊತೆ ಮಾತಾಡ್ತಾನೇ ಮಾಡ್ತಿದ್ರು.

ಈಗ ನನ್ನ ಲೆಕ್ಕ

ಬಿಕಾಂ ಓದಿದವನು ಲೆಕ್ಕ ಹಾಕದೆ ಬಿಡ್ತೀನಾ? ತಾತ ಒಂದು ಚಾಕುಗೆ 40 ರೂಪಾಯಿ ತಗೋತಾರೆ. ನಮ್ಮನೇಲಿ ನಾಲ್ಕು ಚಾಕು. ಎರಡು ತಿಂಗಳಿಗೊಮ್ಮೆ ಅಂದ್ರೂ ವರ್ಷಕ್ಕೆ 960 ರೂಪಾಯಿ. ನನ್ನ 1,900 ವಾಪಸ್ ಬರೋಕೆ ಎರಡು ವರ್ಷ. ನನ್ನ ಸಮಯಕ್ಕೆ ಬೆಲೆ ಕಟ್ಟಿದ್ರೆ ಪೂರ್ತಿ ನಷ್ಟ. ದುಡ್ಡು ಉಳಿಸೋಕೆ ಗೈಡ್ ತಗೋಬೇಡಿ, ನೇರವಾಗಿ ಹೇಳ್ತೀನಿ.

ಲಾಭ ಇರೋದು ಬೇರೆ ಕಡೆ. ಎರಡು ತಿಂಗಳಿಗೊಮ್ಮೆ ಸಾಣೆ ಹಿಡಿಸಿದ್ರೆ, ಅಮ್ಮನಷ್ಟು ಹೆಚ್ಚೋರ ಮನೇಲಿ ಆ ಎರಡು ತಿಂಗಳಲ್ಲಿ ಆರು ವಾರ ಚಾಕು ಮೊಂಡೇ. ಸೀಮೆಬದನೆಕಾಯಿ ಆ ಆರು ವಾರದಲ್ಲೇ ಜಾರೋದು. ಗೈಡ್ ಕೊಡೋ ದೊಡ್ಡ ಅನುಕೂಲ ಅಂದ್ರೆ, ಹೋದ ಸಲದ್ದೇ ಕೋನಕ್ಕೆ ಮತ್ತೆ ಬರಬಹುದು. ಅಲಗನ್ನ ಕ್ಲ್ಯಾಂಪಿಗೆ ಎಷ್ಟು ದೂರದಲ್ಲಿ ಹಾಕಿದ್ದೆ, ಎಷ್ಟು ಡಿಗ್ರಿ ಇಟ್ಟಿದ್ದೆ ಅನ್ನೋದನ್ನ ಒಂದು ಫೋಟೋ ತೆಗೆದು ಫೋನಲ್ಲಿ ಇಟ್ಕೊಳ್ಳಿ. ಮೊದಲ ಸಲ ನನಗೆ ಒಂದು ಚಾಕುಗೆ ಮುಕ್ಕಾಲು ಗಂಟೆ ಹಿಡೀತು. ಈಗ ಹದಿನೈದು ದಿನಕ್ಕೊಮ್ಮೆ, ನಯ ಕಲ್ಲಲ್ಲಿ ಐದು ನಿಮಿಷ. ಲೋಹ ತೆಗೆಯೋದು ಕಣ್ಣಿಗೆ ಕಾಣದಷ್ಟು. ಪ್ರತಿದಿನ ಲೆಕ್ಕ ಬರೆದವನಿಗೆ ಮಾರ್ಚ್ 31ರ ರಾತ್ರಿ ನಿದ್ದೆ ಬರುತ್ತೆ, ಬರೆಯದವನಿಗೆ ಬರಲ್ಲ. ಇದೂ ಅಷ್ಟೇ. ತಾತ ಹೇಳಿದ್ದೂ ಅದನ್ನೇ ಅಲ್ವಾ?

ಹಾಗಾದ್ರೆ ಯಾರು ತಗೋಬೇಕು? ಮನೇಲಿ ದಿನಾ ತುಂಬಾ ಹೆಚ್ಚೋರು, ಸಣ್ಣ ಕೇಟರಿಂಗ್ ಇರೋರು, ಕೈಯಲ್ಲಿ ಕಲ್ಲಿನ ಮೇಲೆ ಮಸೆಯೋಕೆ ಧೈರ್ಯ ಇಲ್ಲದೋರು. ಹಲ್ಲಿನಂಚಿನ ಬ್ರೆಡ್ ಚಾಕು ಇದಕ್ಕೆ ಆಗಲ್ಲ. ಪಿಜಿಯಲ್ಲಿ ಒಂದೇ ಚಾಕು ಇಟ್ಕೊಂಡು ಮ್ಯಾಗಿಗೆ ಈರುಳ್ಳಿ ಹೆಚ್ಚೋರು ದುಡ್ಡು ಹಾಕಬೇಡಿ. ಒಂದು ಪಿಂಗಾಣಿ ಕಪ್ಪನ್ನ ಬೋರಲು ಹಾಕಿ, ತಳದಲ್ಲಿ ಹೊಳಪಿಲ್ಲದ ಒರಟು ಉಂಗುರ ಇರುತ್ತಲ್ಲ, ಅದಕ್ಕೆ ಹಗುರವಾಗಿ ಎರಡೂ ಬದಿ ಹತ್ತು-ಹತ್ತು ಸಲ ಎಳೀರಿ. ತಿಂಗಳು ನಡೆಯುತ್ತೆ.

ಈಳಿಗೆ ಮಣೆ

ಚಾಕು ಸರಿಯಾದ ಮೇಲೆ ಒಂದು ಭಾನುವಾರ ಅಮ್ಮ ಕೇಳಿದರು, "ಇದೆಲ್ಲ ಸರಿ, ನಿನ್ನ ಮಿಷನ್ನು ನನ್ನ ಈಳಿಗೆ ಮಣೆ ಮಾಡುತ್ತಾ?"

ಮಾಡಲ್ಲ. ಆ ಬಾಗಿದ ಅಲಗನ್ನ ಯಾವ ಕ್ಲ್ಯಾಂಪೂ ಹಿಡಿಯಲ್ಲ, ಮಣೆಯಿಂದ ಕಳಚೋಕೂ ಆಗಲ್ಲ. ಅಮ್ಮನಿಗೆ ಸೊಪ್ಪು, ಮಾವಿನಕಾಯಿ, ತೆಂಗಿನಕಾಯಿಗೆಲ್ಲ ಅದೇ ಬೇಕು. ಕೊನೆಗೆ ಏನು ಮಾಡಿದೆ ಅಂದ್ರೆ, ಗೈಡಿನ 320 ಕಲ್ಲನ್ನ ಸರಳಿಂದ ಬಿಚ್ಚಿ ಕೈಗೆ ತಗೊಂಡೆ. ಅಲಗು ನಿಂತಲ್ಲೇ ಇತ್ತು, ಕಲ್ಲನ್ನ ಅದರ ಬಾಗಿಗೆ ತಕ್ಕ ಹಾಗೆ ಜಾರಿಸಿದೆ. ಮಾರ್ಕರ್ ಹಚ್ಚಿ ನೋಡ್ಕೊಂಡೆ. ಬರ್ ಹುಡುಕಿದೆ. ಸಿಕ್ಕಿತು! ಮೂರು ತಿಂಗಳು ಆ ಗೈಡ್ ನನ್ನ ಕೈಗೆ 20 ಡಿಗ್ರಿ ಅಂದ್ರೆ ಹೇಗಿರುತ್ತೆ, ಸರಿಯಾಗಿ ಕೂತ ಕಲ್ಲಿನ ಸದ್ದು ಹೇಗಿರುತ್ತೆ ಅಂತ ಗೊತ್ತಿಲ್ಲದ ಹಾಗೇ ಹೇಳಿಕೊಟ್ಟಿತ್ತು. ಸೈಕಲ್‌ಗೆ ಹಿಂದೆ ಎರಡು ಸಣ್ಣ ಚಕ್ರ ಇರ್ತವಲ್ಲ, ಹಾಗೆ. ಬಿಚ್ಚೋ ದಿನ ತಾನಾಗೇ ಬರುತ್ತೆ.

ಕೊನೆಗೆ ಒಂದು ಎಚ್ಚರಿಕೆ, ಇದನ್ನ ದಯವಿಟ್ಟು ಕೇಳಿ. ಚಾಕು ಹರಿತ ಮಾಡಿದ ದಿನ ಮನೆಯವರಿಗೆಲ್ಲ ಹೇಳಿ. ವರ್ಷಗಟ್ಟಲೆ ಮೊಂಡು ಚಾಕು ಒತ್ತಿ ಒತ್ತಿ ಅಭ್ಯಾಸ ಆದ ಕೈ, ಹರಿತ ಚಾಕುವನ್ನೂ ಅಷ್ಟೇ ಬಲದಿಂದ ಒತ್ತುತ್ತೆ. ಮೊದಲ ವಾರ ಅಮ್ಮನಿಗೆ ಒಂದು ಸಣ್ಣ ಗೀರು ಬಿತ್ತು. "ನಾನು ಹೇಳಿರ್ಲಿಲ್ವಾ?" ಅಂದ್ರು. ನಾನು ತಲೆ ತಗ್ಗಿಸಿದೆ. ಆದ್ರೆ ಎರಡನೇ ವಾರದಿಂದ ಕೈ ತಾನಾಗೇ ಹಗುರ ಆಯ್ತು. ಬೆರಳ ತುದಿ ಒಳಗೆ ಮಡಚಿ ತರಕಾರಿ ಹಿಡಿಯೋದು ಕಲಿತರು. ಮಣಿಕಟ್ಟಿನ ನೋವು ಕಡಿಮೆ ಆಯ್ತು ಅಂತ ಅವರೇ ಅಂದ್ರು.

ಈಗ ಭಾನುವಾರ ಸಂಜೆ ನಾನು ಸುಮ್ಮನೆ ಫೋನ್ ನೋಡ್ತಾ ಕೂತಿದ್ರೆ ಅಮ್ಮ ಚಾಕುಗಳನ್ನ ಪೇಪರಲ್ಲಿ ಸುತ್ತಿ ತಂದು ಮುಂದಿಡ್ತಾರೆ. ತಾತ ಬಂದಾಗ ಕತ್ತರಿ ಮತ್ತು ತೆಂಗಿನಕಾಯಿ ಸುಲಿಯೋ ಕತ್ತಿ ಅವರಿಗೇ ಕೊಡ್ತೀವಿ, ಅದು ಅವರ ಕೈಗೇ ಸರಿ. ಹೋದ ತಿಂಗಳು ತಾತ ನನ್ನ ಚಾಕು ಕೇಳಿ ತಗೊಂಡು ಹೆಬ್ಬೆರಳಲ್ಲಿ ನೋಡಿದರು. "ಪರವಾಗಿಲ್ಲ" ಅಂದರು. ನನಗೆ ಅಷ್ಟು ಸಾಕು.

ನಿಮ್ಮ ಮನೆಯ ಚಾಕು ಟೊಮೆಟೊ ಪರೀಕ್ಷೆಯಲ್ಲಿ ಪಾಸಾಯ್ತಾ, ಫೇಲಾಯ್ತಾ ಅಂತ ವಾಯ್ಸ್ ನೋಟ್ ಕಳಿಸಿ. ಮುಂದಿನ ವಾರ ಸಿಗೋಣ. ಅಲ್ಲಿಯವರೆಗೆ ಚಾಕುವನ್ನ ಸಿಂಕಿಗೆ ಎಸೀಬೇಡಿ, ತೊಳೆದು ಒರೆಸಿ ಎತ್ತಿಡಿ. ನಮಸ್ಕಾರ.